ನಾಡಿನ ಹೆಸರು ಹೊತ್ತ ಗಾಯಕಿ ಅಮೀರಬಾಯಿ ಕರ್ನಾಟಕಿ

ಹಿತ್ತಲ ಗಿಡ ಮದ್ದಲ್ಲವೆಂಬುದು ನಮ್ಮ ಹಿರಿಯರ ಗಾದೆ. ಇದು ಗಿಡಕ್ಕೆ ಎಷ್ಟು ಸಲ್ಲುತ್ತದೆಯೋ ಮನುಷ್ಯರಿಗೂ ಅಷ್ಟೇ ಸಲ್ಲುತ್ತದೆ. ದೂರದ ಊರುಗಳ ಗಾಯಕರ ಹೆಸರುಗಳನ್ನು ನಾವು ವಿದ್ಯಾರ್ಥಿಗಳು ಒಂದೇ ಉಸಿರಿನಲ್ಲಿ ಹೇಳಬಲ್ಲೆವು. ಆದರೆ ರಾಮದುರ್ಗದಿಂದ ಲೋಕಾಪುರದ ಮೇಲೆ ಹಾಯ್ದು ಹೋದರೆ ಬಹಳ ದೂರವಿಲ್ಲದ ಬೀಳಗಿಯಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ, ಇಡೀ ಹಿಂದುಸ್ತಾನವನ್ನು ತನ್ನ ಕಂಠದಿಂದ ಮರುಳುಗೊಳಿಸಿದ ಒಬ್ಬ ಕನ್ನಡತಿಯ ಹೆಸರನ್ನು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತೇವೆ. ಆಕೆಯೇ ಅಮೀರಬಾಯಿ ಕರ್ನಾಟಕಿ. ಒಂದು ಕಾಲಕ್ಕೆ ಕನ್ನಡ ಕೋಗಿಲೆಯೆಂದು ಕರೆಸಿಕೊಂಡ ಆ ಗಾಯಕಿಯ ಬಾಳಿನ ಕಥೆಯನ್ನು ನನಗೆ ತಿಳಿದ ಮಟ್ಟಿಗೆ ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ಮೊದಲು ಆ ಹೆಸರನ್ನೇ ಸ್ವಲ್ಪ ವಿಚಾರಿಸೋಣ. ಕಲಾವಿದರು ಊರಿನ ಹೆಸರನ್ನು ತಮ್ಮ ಹೆಸರಿಗೆ ಅಂಟಿಸಿಕೊಳ್ಳುವುದು ನಮ್ಮ ಕಡೆಯ ಹಳೆಯ ರೂಢಿ. ಗಂಗೂಬಾಯಿಯವರು ಹಾನಗಲ್ಲನ್ನೂ, ಮಲ್ಲಿಕಾರ್ಜುನರು ಮನಸೂರನ್ನೂ, ನಮ್ಮ ಸವದತ್ತಿ ತಾಲ್ಲೂಕಿನ ಬಾಳಪ್ಪನವರು ಏಣಗಿಯನ್ನೂ ಹೀಗೆಯೇ ಲೋಕಪ್ರಸಿದ್ಧಗೊಳಿಸಿದರು. ಅಮೀರಬಾಯಿಯವರ ಸಮಕಾಲೀನರಾಗಿ ಮುಂಬಯಿಯಲ್ಲಿ ಹಾಡುತ್ತಿದ್ದ ಜೋಹ್ರಾಬಾಯಿಯವರು ಅಂಬಾಲೆವಾಲಿ ಎನಿಸಿದರು. ಅಂಬಾಲಾ ಒಂದು ಊರು. ಆದರೆ ಬೀಳಗಿಯ ಈ ಹೆಣ್ಣುಮಗಳ ಹೆಸರಿನ ಮುಂದೆ ಕುಳಿತದ್ದು ಊರಲ್ಲ, ನಾಡು. ಆಗ ಕರ್ನಾಟಕವೆಂಬ ರಾಜ್ಯ ನಕಾಶೆಯಲ್ಲಿ ಎಲ್ಲಿತ್ತು? ವಿಜಾಪುರ, ಬೆಳಗಾವಿ, ಧಾರವಾಡಗಳು ಮುಂಬಯಿ ಇಲಾಖೆಯಲ್ಲಿದ್ದವು. ರಾಮದುರ್ಗ ಒಂದು ಪುಟ್ಟ ಸಂಸ್ಥಾನವಾಗಿತ್ತು. 1924ರಲ್ಲಿ ಬೆಳಗಾವಿಯಲ್ಲಿ ಕೂಡಿದ ಏಕೀಕರಣ ಪರಿಷತ್ತಿನಲ್ಲಿ ಹಿರಿಯರು ಒಂದಾದ ಕನ್ನಡ ನಾಡಿನ ಕನಸನ್ನು ಕಂಡರು. ಆ ಕನಸು 1956ರ ನವೆಂಬರ್ 1ರಂದು ನನಸಾಯಿತಾದರೂ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅಮೀರಬಾಯಿಯವರು ತೀರಿಕೊಂಡದ್ದು 1965ರಲ್ಲಿ. ಸರಕಾರದ ಕಾಗದಪತ್ರಗಳಲ್ಲಿ ಆ ಹೆಸರು ಬರುವುದಕ್ಕಿಂತ ಎಷ್ಟೋ ಮೊದಲೇ, ಗ್ರಾಮೋಫೋನ್ ರೆಕಾರ್ಡುಗಳ ದುಂಡನೆಯ ಚೀಟಿಯ ಮೇಲೆ ಅದು ಲಾಹೋರಿನಿಂದ ಕಲಕತ್ತೆಯವರೆಗೆ ಸಂಚರಿಸಿತ್ತು. ನಾಡಿನ ಹೆಸರನ್ನು ಹೀಗೆ ಹೊತ್ತು ತಿರುಗಿದವಳನ್ನು ನಾಡು ಎಷ್ಟು ನೆನೆಯಿತೆಂಬುದೇ ನನ್ನ ಮನಸ್ಸನ್ನು ಕೊರೆಯುವ ಪ್ರಶ್ನೆ.

ಅಮೀರಬಾಯಿಯವರು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದರು. 1997ರಿಂದ ಬೀಳಗಿ ಬಾಗಲಕೋಟ ಜಿಲ್ಲೆಗೆ ಸೇರಿದೆ. ಬಡತನವನ್ನು ಬಲ್ಲ ಮನೆತನ. ಆದರೆ ರಂಗಭೂಮಿಯ ಸಂಪರ್ಕವಿದ್ದುದರಿಂದ ಮನೆಯಲ್ಲಿ ಹಾಡಿಗೆ ಬಡತನವಿರಲಿಲ್ಲ. ಅಕ್ಕತಂಗಿಯರಲ್ಲಿ ಹಿರಿಯಳಾದ ಗೋಹರಬಾಯಿ ಮತ್ತು ಅಮೀರಬಾಯಿ ಇಬ್ಬರೂ ಹಾಡಿನಿಂದಲೇ ಹೆಸರು ಗಳಿಸಿದರು.

ಆ ದಿನಗಳಲ್ಲಿ ನಮ್ಮ ಭಾಗದಲ್ಲಿ ನಾಟಕ ಕಂಪನಿಗಳದೇ ರಾಜ್ಯ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಕಂಪನಿಗಳು ಜಾತ್ರೆಯ ಊರುಗಳಲ್ಲಿ ತಗಡಿನ ಥಿಯೇಟರು ಹಾಕಿ ಮೊಕ್ಕಾಂ ಮಾಡುತ್ತಿದ್ದವು. ಮೈಕು ಇಲ್ಲದ ಕಾಲ. ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತ ರೈತನಿಗೂ ಪದಪದವೂ ಕೇಳಬೇಕು. ಕೇಳದಿದ್ದರೆ ಸಿಳ್ಳು ಬೀಳುತ್ತಿತ್ತು. ಆದುದರಿಂದ ಎದೆಯಾಳದಿಂದ ದನಿ ಎತ್ತುವುದು, ಶಬ್ದವನ್ನು ಸ್ಫುಟವಾಗಿ ಉಚ್ಚರಿಸುವುದು, ಭಾವವನ್ನು ಸ್ವರದಲ್ಲಿಯೇ ತುಂಬುವುದು ರಂಗಗೀತೆಯ ಮೊದಲ ಪಾಠಗಳಾಗಿದ್ದವು. ಅಮೀರಬಾಯಿಯವರ ಗಾಯನದಲ್ಲಿ ಕೊನೆಯವರೆಗೂ ಉಳಿದುಬಂದ ಗುಣಗಳೂ ಇವೇ. ಅವರ ಹಿಂದಿ ಹಾಡನ್ನು ಕಣ್ಣು ಮುಚ್ಚಿ ಕೇಳಿದರೆ ಉತ್ತರ ಕರ್ನಾಟಕದ ರಂಗಗೀತೆಯ ಮೂಗಿನೊತ್ತು, ಸಾಲಿನ ಕೊನೆಯಲ್ಲಿ ಸ್ವರವನ್ನು ತುಸು ಜಗ್ಗಿ ಬಿಡುವ ರೀತಿ ನಮ್ಮವರ ಕಿವಿಗೆ ಕೂಡಲೇ ಹತ್ತುತ್ತದೆ.

ಆದರೆ ಹಾಡುವ ಹೆಣ್ಣಿನ ಬದುಕು ಹೂವಿನ ಹಾಸಿಗೆಯಾಗಿರಲಿಲ್ಲ. ಸ್ತ್ರೀಪಾತ್ರಗಳನ್ನು ಹುಡುಗರು ಮಾಡುವುದೇ ಮರ್ಯಾದೆಯೆನಿಸಿದ್ದ ಕಾಲವದು. ಏಣಗಿ ಬಾಳಪ್ಪನವರಂಥ ನಟರು ಕೂಡ ಚಿಕ್ಕಂದಿನಲ್ಲಿ ಸೀರೆಯುಟ್ಟೇ ರಂಗವನ್ನೇರಿದವರು. ರಂಗದ ಮೇಲೆ ಬಂದ ಹೆಂಗಸಿಗೆ ಚಪ್ಪಾಳೆ ತಟ್ಟಿದ ಜನವೇ ಬೀದಿಯಲ್ಲಿ ಎದುರಾದಾಗ ಮುಖ ತಿರುಗಿಸುತ್ತಿತ್ತು. ಸಮಾಜ ಹಾಡುವ ಹೆಣ್ಣನ್ನು ಹೇಗೆ ಕಂಡಿತೆಂಬುದಕ್ಕೆ, ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಓಡಾಡಿ ಬೆಳೆದ ನಮಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ಇಂಥ ನೆಲದಿಂದ ಇಬ್ಬರು ಸೋದರಿಯರು ತಮ್ಮ ಕಂಠವೊಂದನ್ನೇ ಬಂಡವಾಳ ಮಾಡಿಕೊಂಡು ಮುಂಬಯಿಯ ದಾರಿ ಹಿಡಿದರು.

1931ರಲ್ಲಿ ಆಲಂ ಆರಾ ಬಂದು ಹಿಂದುಸ್ತಾನದ ಚಲಚ್ಚಿತ್ರಕ್ಕೆ ಬಾಯಿ ಬಂದಿತ್ತು. ಹಾಡಬಲ್ಲ ನಟಿಯರಿಗಾಗಿ ಚಿತ್ರ ಕಂಪನಿಗಳು ಹುಡುಕಾಡುತ್ತಿದ್ದವು. ಅಕ್ಕ ಗೋಹರಬಾಯಿಯ ನೆರವಿನಿಂದ ಅಮೀರಬಾಯಿಯವರಿಗೆ 1934ರ ವಿಷ್ಣು ಭಕ್ತಿ ಎಂಬ ಚಿತ್ರದಲ್ಲಿ ಪಾತ್ರ ದೊರೆಯಿತು. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ ತೆರೆ ಕಂಡದ್ದೂ ಅದೇ 1934ರಲ್ಲಿ. ಅದನ್ನು ಕೂಡ ಕೊಲ್ಲಾಪುರದಲ್ಲಿ ತಯಾರಿಸಬೇಕಾಯಿತು. ಮುಂದಿನ ಹತ್ತು ಹನ್ನೆರಡು ವರ್ಷ ಕನ್ನಡದಲ್ಲಿ ತಯಾರಾದ ಚಿತ್ರಗಳು ಬೆರಳೆಣಿಕೆಯಷ್ಟು. ಅಮೀರಬಾಯಿಯವರು ಕನ್ನಡವನ್ನು ಬಿಟ್ಟು ಹಿಂದಿಗೆ ಏಕೆ ಹೋದರೆಂದು ಕೇಳುವವರಿಗೆ ಇದೇ ಉತ್ತರ. ಅನ್ನವಿದ್ದ ಕಡೆಗೆ ಹಾಡು ಹೋಯಿತು.

ಮುಂಬಯಿಯಲ್ಲಿ ಮೊದಲ ಒಂಬತ್ತು ವರ್ಷ ಅವರ ಪಾಲಿಗೆ ಬಂದದ್ದು ಚಿಕ್ಕಪುಟ್ಟ ಪಾತ್ರ, ಅಷ್ಟಿಷ್ಟು ಹಾಡು. ಈ ನಡುವೆ 1940ರಲ್ಲಿ ವಿಜಯ ಭಟ್ಟರ ನರಸೀ ಭಗತ್ ಬಂದಿತು. ನರಸೀ ಮೆಹತಾ ಅವರ ವೈಷ್ಣವ ಜನತೋ ಭಜನೆಯನ್ನು ಅದರಲ್ಲಿ ವಿಷ್ಣುಪಂತ ಪಾಗನೀಸರೊಂದಿಗೆ ಅಮೀರಬಾಯಿಯವರು ಹಾಡಿದರು. ಗಾಂಧೀಜಿಯವರಿಗೂ ಆ ಗಾಯನ ಮೆಚ್ಚುಗೆಯಾಗಿತ್ತೆಂದು ಹೇಳುತ್ತಾರೆ. ಬೀಳಗಿಯ ಮುಸಲ್ಮಾನ ಮನೆತನದ ಹೆಣ್ಣುಮಗಳು ಗುಜರಾತಿ ವೈಷ್ಣವ ಕವಿಯ ಪದವನ್ನು ಹಾಡಿ ಜನರ ಭಕ್ತಿಯನ್ನು ಕದಲಿಸಿದಳೆಂಬುದೇ ಒಂದು ಅಪೂರ್ವ ಸಂಗತಿಯಲ್ಲವೇ? ಮುಂದೆ 1946ರ ರಾಣಕದೇವಿ ಎಂಬ ಗುಜರಾತಿ ಚಿತ್ರದಲ್ಲಿ ಹಾಡಿ ಅವರು ಆ ಪ್ರಾಂತದ ಮನೆಮಾತೂ ಆದರು.

ಭಾಗ್ಯದ ಬಾಗಿಲು ತೆರೆದದ್ದು 1943ರಲ್ಲಿ. ಆ ಚಿತ್ರದ ಹೆಸರೂ ಕಿಸ್ಮತ್ ಎಂದೇ. ಬಾಂಬೆ ಟಾಕೀಸಿನ ಈ ಚಿತ್ರಕ್ಕೆ ಕವಿ ಪ್ರದೀಪರು ಹಾಡು ಬರೆದರು, ಅನಿಲ ಬಿಸ್ವಾಸರು ಸಂಗೀತ ಕೂಡಿಸಿದರು. ನಾಯಕಿ ಮುಮ್ತಾಜ್ ಶಾಂತಿಯ ಪಾತ್ರ ಕಾಲು ಊನವಾದ ರಂಗನಟಿಯದು. ಆ ಪಾತ್ರದ ಅಳಲಿಗೆ ಕಂಠ ಕೊಟ್ಟವರು ಅಮೀರಬಾಯಿ. ದೀಪಾವಳಿಯ ರಾತ್ರಿ ಊರೆಲ್ಲ ಬೆಳಕಾಗಿರುವಾಗ ತನ್ನ ಮನೆಯೊಂದೇ ಕತ್ತಲಾಗಿರುವ ಹೆಣ್ಣಿನ ಸಂಕಟ, ದಿಕ್ಕಿಲ್ಲದವಳು ಕೃಷ್ಣನಲ್ಲಿ ಇಡುವ ಮೊರೆ, ನಟ ಅಶೋಕಕುಮಾರರೊಂದಿಗೆ ಮೋಡವನ್ನು ಉದ್ದೇಶಿಸಿ ಹಾಡಿದ ಜೋಗುಳದಂಥ ಪ್ರೇಮಗೀತೆ: ಒಂದೊಂದೂ ಒಂದೊಂದು ಬಗೆ. ಇವುಗಳ ಜೊತೆಗೆ ಖಾನ್ ಮಸ್ತಾನರೊಡನೆ ಹಾಡಿದ, ಪರಕೀಯರು ದೂರ ಸರಿಯಲೆಂದು ಸಾರುವ ಮೇಳಗೀತೆ. ಚಲೇಜಾವ್ ಚಳವಳಿ ನಡೆದು ಇನ್ನೂ ವರ್ಷ ತುಂಬಿರಲಿಲ್ಲ. ಜರ್ಮನರ, ಜಪಾನರ ಹೆಸರನ್ನು ಹಾಡಿನಲ್ಲಿ ಜಾಣತನದಿಂದ ಸೇರಿಸಿದ್ದರಿಂದ ಅದು ಸೆನ್ಸಾರಿನ ಕತ್ತರಿಯಿಂದ ಪಾರಾಯಿತು. ಆದರೆ ಗುರಿ ಯಾರೆಂಬುದು ಜನರಿಗೆ ತಿಳಿಯದೆ ಇರಲಿಲ್ಲ. ಕವಿಯು ಬಂಧನದ ಭಯದಿಂದ ಕೆಲಕಾಲ ತಲೆಮರೆಸಿಕೊಳ್ಳಬೇಕಾಯಿತು. ಕಲಕತ್ತೆಯ ರಾಕ್ಸಿ ಥಿಯೇಟರಿನಲ್ಲಿ ಈ ಚಿತ್ರ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತೆಂದರೆ ಆ ಹಾಡುಗಳ ಮೋಡಿ ಎಂಥದಿದ್ದೀತೆಂಬುದನ್ನು ವಾಚಕರೇ ಊಹಿಸಬಹುದು.

ಮರುವರ್ಷ 1944ರಲ್ಲಿ ರತನ್ ಬಂದಿತು. ನೌಷಾದರ ಸಂಗೀತ, ಡಿ. ಎನ್. ಮಧೋಕರ ಸಾಹಿತ್ಯ. ಜಾತಿಯ ಕಟ್ಟಿನಿಂದಾಗಿ ಒಲಿದವನನ್ನು ಅಗಲಿ, ವಯಸ್ಸಾದವನ ಕೈಹಿಡಿಯಬೇಕಾದ ಹುಡುಗಿಯ ಕಥೆ. ಕೂಡಿದ ಕಣ್ಣುಗಳು ಅಗಲಿದ ದುಃಖವನ್ನು ಅಮೀರಬಾಯಿಯವರು ಅದರಲ್ಲಿ ಹಾಡಿದ ಬಗೆಯನ್ನು ಕೇಳಿದವರು ಮರೆಯಲಾರರು. ಅದೇ ವರ್ಷದ ಭರ್ತೃಹರಿಯಲ್ಲಿ ಸುರೇಂದ್ರರೊಂದಿಗೆ ಹಾಡಿದ ಗೀತೆಯಂತೂ ಒಂದು ಪುಟ್ಟ ನಾಟಕವೇ ಸರಿ: ಸನ್ಯಾಸಿಯಾದ ರಾಜ ತನ್ನದೇ ಅರಮನೆಯ ಬಾಗಿಲಿಗೆ ಬಂದು, ತನ್ನ ರಾಣಿ ಪಿಂಗಳೆಯನ್ನೇ ತಾಯಿಯೆಂದು ಕರೆದು ಭಿಕ್ಷೆ ಬೇಡುತ್ತಾನೆ. 1947ರ ಸಿಂದೂರ ವಿಧವಾ ವಿವಾಹವನ್ನು ಕುರಿತ ಚಿತ್ರ. ಅದರಲ್ಲಿಯೂ ಅವರ ಹಾಡು ಮೆರೆಯಿತು.

ಇಲ್ಲಿ ರೆಕಾರ್ಡಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕು. ಆಗಿನ ರೆಕಾರ್ಡು ಅರಗಿನಿಂದ ಮಾಡಿದ ಕರಿಯ ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಹಾಡು. ಕೈಯಿಂದ ಕೀಲಿ ಕೊಡಬೇಕು, ಮೇಲಿಂದ ಮೇಲೆ ಮುಳ್ಳು ಬದಲಿಸಬೇಕು, ಕೈತಪ್ಪಿ ಬಿದ್ದರೆ ಹಂಚಿನಂತೆ ಚೂರುಚೂರು. ಒಂದೇ ತಟ್ಟೆಯಲ್ಲಿ ಹತ್ತಾರು ಹಾಡುಗಳನ್ನು ಕೂಡಿಸುವ ಸೌಕರ್ಯ ಅಮೀರಬಾಯಿಯವರ ಏಳಿಗೆಯ ಕಾಲಕ್ಕೆ ಇರಲಿಲ್ಲ. ಅವರ ಆಯ್ದ ಗೀತೆಗಳ ಮಾಲಿಕೆಯೆಂಬುದನ್ನು ಮುಂದೆ ಕೇಳುಗರೇ ತಮ್ಮ ತಮ್ಮ ರುಚಿಗೆ ತಕ್ಕಂತೆ ಕಟ್ಟಿಕೊಂಡರು.

ಅಂಥದೊಂದು ಮಾಲಿಕೆ ನಮ್ಮ ಮನೆಯಲ್ಲಿಯೂ ಇದೆ. ನನ್ನ ಅಜ್ಜ ರಾಮದುರ್ಗದಲ್ಲಿ ಸೀರೆ ನೇಯುತ್ತಿದ್ದವರು. ಅವರು 1980ರ ದಶಕದಲ್ಲಿ, ಆಗಿನ ರೂಢಿಯಂತೆ, ಪೇಟೆಯ ಅಂಗಡಿಯೊಂದರಲ್ಲಿ ಹಳೆಯ ಹಾಡುಗಳನ್ನು ಒಂದು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದಿದ್ದರು. ಒಟ್ಟು ಹದಿನಾರು ಹಾಡು, ಹದಿನಾರೂ ಅಮೀರಬಾಯಿಯವರವೇ. ಮಗ್ಗದ ಲಟಪಟ ಸಪ್ಪಳದ ನಡುವೆ ಅವನ್ನೇ ಕೇಳುತ್ತ ಅಜ್ಜ ಹಗಲು ಕಳೆಯುತ್ತಿದ್ದರೆಂದು ನಮ್ಮ ತಂದೆ ಹೇಳುತ್ತಾರೆ. ಕ್ಯಾಸೆಟ್ಟಿನ ಡಬ್ಬಿಯೊಳಗೆ ಅಂಗಡಿಯವರು ಬರೆದುಕೊಟ್ಟ ಚೀಟಿಯೊಂದು ಈಗಲೂ ಇದೆ. ಅದರಲ್ಲಿ ಚಿತ್ರದ ಹೆಸರಿದೆ, ಸಂಗೀತ ನಿರ್ದೇಶಕರ ಹೆಸರಿದೆ, ತೆರೆಯ ಮೇಲೆ ತುಟಿಯಾಡಿಸಿದ ನಾಯಕಿಯರ ಹೆಸರೂ ಇದೆ, ಹಾಡಿದವರ ಹೆಸರಿಲ್ಲ. ಅಜ್ಜ ತಮ್ಮ ಕೈಯಿಂದ, ನೀಲಿ ಮಸಿಯಲ್ಲಿ, ಚೀಟಿಯ ಮೇಲ್ಭಾಗದಲ್ಲಿ ಅಮೀರಬಾಯಿ, ಬೀಳಗಿ ಎಂದು ಬರೆದಿದ್ದಾರೆ. ಏಳನೆಯ ಇಯತ್ತೆ ಓದಿದ ನೇಕಾರನಿಗೆ ಇದ್ದ ಈ ಜ್ಞಾಪಕ, ಪದವಿ ಓದುವ ನಮಗೆ ಏಕಿಲ್ಲ?

ಹೆಸರು ಅಳಿಸಿಹೋಗುವುದು ಅಂಗಡಿಯವರೊಬ್ಬರ ಅಲಕ್ಷ್ಯದಿಂದ ಮಾತ್ರವಲ್ಲ. ಹಿನ್ನೆಲೆ ಗಾಯನದ ಪದ್ಧತಿ 1935ರ ಸುಮಾರಿಗೆ ಆರಂಭವಾದಾಗಿನಿಂದ ಹಾಡುವವರು ಒಬ್ಬರು, ಕಾಣುವವರು ಇನ್ನೊಬ್ಬರು ಎಂಬಂತಾಯಿತು. ರೆಕಾರ್ಡಿನ ಮೇಲೆ ಗಾಯಕಿಯ ಬದಲು ಚಿತ್ರದ ಪಾತ್ರದ ಹೆಸರನ್ನೇ ಅಚ್ಚು ಹಾಕಿದ ನಿದರ್ಶನಗಳಿವೆ. 1949ರ ಮಹಲ್ ಚಿತ್ರದ ಪ್ರಸಿದ್ಧ ಗೀತೆಯ ರೆಕಾರ್ಡಿನ ಮೇಲೆ ಲತಾ ಮಂಗೇಶಕರರ ಹೆಸರಿನ ಬದಲು ಕಾಮಿನಿ ಎಂಬ ಪಾತ್ರದ ಹೆಸರು ಬಂದುದು ಎಲ್ಲರಿಗೂ ತಿಳಿದದ್ದೇ. ಹೀಗೆ ಮರೆಯಲ್ಲಿ ನಿಂತು ಹಾಡಿದವರಿಗೆ ಹೆಸರೊಂದೇ ಆಸ್ತಿ.

ಹಾಡುಗಳಲ್ಲಿ ಒಲವನ್ನೂ ಅಗಲಿಕೆಯನ್ನೂ ಇಷ್ಟು ಹೃದಯಂಗಮವಾಗಿ ಹಾಡಿದವರ ಸ್ವಂತ ಸಂಸಾರ ಹೇಗಿತ್ತು? ಖಳಪಾತ್ರಗಳಿಗೆ ಹೆಸರಾದ ನಟ ಹಿಮಾಲಯವಾಲಾ ಅವರೊಂದಿಗೆ ಆದ ಮೊದಲ ವಿವಾಹ ಅವರಿಗೆ ಸುಖ ಕೊಡಲಿಲ್ಲ. ಅದು ಬಿಡುಗಡೆಯಲ್ಲಿ ಮುಗಿಯಿತು. ಹೆಣ್ಣು ಸಹಿಸಿಕೊಂಡು ಬಾಯಿ ಮುಚ್ಚಿ ಕೂಡುವುದೇ ಶೀಲವೆಂದು ಭಾವಿಸುತ್ತಿದ್ದ ಕಾಲದಲ್ಲಿ ಅವರು ಆ ಬಂಧನದಿಂದ ಹೊರಬಂದರು, ತಮ್ಮ ದುಡಿಮೆಯ ಮೇಲೆ ನಿಂತರು. ತರುವಾಯ ಪಾರಸ್ ಎಂಬ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ವರಿಸಿದರು. ಅಕ್ಕ ಗೋಹರಬಾಯಿಯ ಬಾಳೂ ಸುಗಮವಾಗಿರಲಿಲ್ಲ. ಮರಾಠಿ ರಂಗಭೂಮಿಯ ಮಹಾನಟ ಬಾಲಗಂಧರ್ವರ ಜೊತೆಗೆ ಆಕೆ ಅವರ ಇಳಿಗಾಲದಲ್ಲಿ ನಿಂತಳು, ಅವರನ್ನು ಕೈಹಿಡಿದಳು. ಅದಕ್ಕಾಗಿ ಅಭಿಮಾನಿಗಳ ನಿಂದೆಯನ್ನೂ ಉಂಡಳು. ಸೋದರಿಯರಿಬ್ಬರಿಗೂ ಜನ ಹಾಡಿಗೆ ಕೊಟ್ಟ ಮರ್ಯಾದೆಯನ್ನು ಬಾಳಿಗೆ ಕೊಡಲಿಲ್ಲವೆಂದು ಹೇಳಿದರೆ ತಪ್ಪಾಗಲಾರದು.

1948ರಲ್ಲಿ ಅಮೀರಬಾಯಿಯವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಶಹನಾಜ್ ಎಂಬ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶನ ಮಾಡಿದರು. ಜದ್ದನಬಾಯಿ, ಸರಸ್ವತೀ ದೇವಿಯರಂಥ ಒಬ್ಬಿಬ್ಬರನ್ನು ಬಿಟ್ಟರೆ ಆ ಪೀಠದಲ್ಲಿ ಹೆಂಗಸರು ಕುಳಿತದ್ದೇ ಅಪರೂಪ. ಪರರು ಕೂಡಿಸಿದ ರಾಗಕ್ಕೆ ಕಂಠ ಕೊಡುವವಳು ತಾನೇ ರಾಗ ಕೂಡಿಸಿ ಪರರಿಂದ ಹಾಡಿಸಬಲ್ಲಳೆಂಬುದನ್ನು ಅವರು ತೋರಿಸಿಕೊಟ್ಟರು.

ಆದರೆ ಕಾಲ ಯಾರನ್ನೂ ಕಾಯುವುದಿಲ್ಲ. 1949ರಲ್ಲಿ ಮಹಲ್, ಬರ್ಸಾತ್, ಅಂದಾಜ್ ಚಿತ್ರಗಳ ಮೂಲಕ ಲತಾ ಮಂಗೇಶಕರರ ತೆಳುವಾದ, ಎತ್ತರದ ಕಂಠ ಜನಮನವನ್ನು ಗೆದ್ದಿತು. ಮೈಕಿನ ಸೌಕರ್ಯ ಸುಧಾರಿಸಿತ್ತು. ಕಟ್ಟಕಡೆಯ ಸಾಲಿಗೆ ಮುಟ್ಟುವಂತೆ ಎದೆಯಿಂದ ಹಾಡುವ ಅವಶ್ಯಕತೆ ಉಳಿದಿರಲಿಲ್ಲ. ಅಮೀರಬಾಯಿ, ಜೋಹ್ರಾಬಾಯಿ, ರಾಜಕುಮಾರಿಯರಂಥ ತುಂಬುಕಂಠದವರಿಗೆ ಹಾಡುಗಳು ಕಡಿಮೆಯಾಗುತ್ತ ಬಂದವು. ಅಮೀರಬಾಯಿಯವರು ಎದೆಗುಂದಿ ಕೂಡಲಿಲ್ಲ. ನಟಿಯಾಗಿ ಬಂದವರು ಮತ್ತೆ ನಟನೆಗೆ ಮರಳಿ, ತಾಯಿಯ, ಅತ್ತೆಯ, ನೆರೆಹೊರೆಯವರ ಪಾತ್ರಗಳನ್ನು ಮಾಡುತ್ತ ದುಡಿದು ಉಂಡರು.

ಗಳಿಸಿದ್ದನ್ನೆಲ್ಲ ಅವರು ಮುಂಬಯಿಯಲ್ಲಿಯೇ ಚೆಲ್ಲಲಿಲ್ಲ. ವಿಜಾಪುರದಲ್ಲಿ ಒಂದು ಚಿತ್ರಮಂದಿರವನ್ನು ಕಟ್ಟಿಸಿದರು. ಅದೇ ಅಮೀರ್ ಟಾಕೀಸ್. ಪರದೇಶದಂತಿದ್ದ ಮುಂಬಯಿಯಲ್ಲಿ ತವರಿನ ಹೆಸರನ್ನು ಹೊತ್ತವರು ತವರಿನಲ್ಲಿ ತಮ್ಮ ಹೆಸರನ್ನು ನೆಟ್ಟರು. 1964ರಲ್ಲಿ ಅಕ್ಕ ಗೋಹರಬಾಯಿ ತೀರಿಕೊಂಡರು. ಮರುವರ್ಷ, 1965ರ ಮಾರ್ಚ್ 3ರಂದು, ಪಾರ್ಶ್ವವಾಯುವಿಗೆ ತುತ್ತಾಗಿ ಅಮೀರಬಾಯಿಯವರೂ ಕಣ್ಮುಚ್ಚಿ, ಹುಟ್ಟಿದ ನಾಡಿನ ಮಣ್ಣಿನಲ್ಲಿಯೇ ಮಣ್ಣಾದರು.

ನಾವು ಕಿತ್ತೂರ ನಾಡಿನವರು. 1824ರಲ್ಲಿ ಕಂಪನಿ ಸರಕಾರದ ವಿರುದ್ಧ ಕತ್ತಿ ಹಿರಿದ ರಾಣಿ ಚೆನ್ನಮ್ಮನನ್ನು ಪುಸ್ತಕಗಳು ನೆನೆಯುವ ಮುಂಚಿನಿಂದಲೂ ನಮ್ಮ ಲಾವಣಿಕಾರರು ನೆನೆದರು. ಬೈಲಹೊಂಗಲದಲ್ಲಿ ಆಕೆಯ ಸಮಾಧಿಯ ಮುಂದೆ ಕೈಮುಗಿಯದ ಮಕ್ಕಳಿಲ್ಲ. ರಾಣಿಯನ್ನು ಹಾಡು ಉಳಿಸಿತು. ಆದರೆ ಹಾಡುವವಳನ್ನು ಯಾರು ಹಾಡಬೇಕು? ಆಕೆಯ ಹಾಡು ಹಿಂದಿಯದೆಂದು ನಾವು ಕೈಬಿಟ್ಟೆವು. ಆಕೆ ಕನ್ನಡದವಳೆಂಬುದನ್ನು ಹಿಂದಿಯವರು ಮರೆತರು. ವಿದ್ವಾಂಸರಾದ ರಹಮತ್ ತರೀಕೆರೆಯವರು ಕನ್ನಡದಲ್ಲಿ ಆಕೆಯ ಜೀವನ ಚರಿತ್ರೆಯನ್ನು ಬರೆದು ಈ ಋಣದ ಒಂದು ಪಾಲನ್ನು ತೀರಿಸಿದ್ದಾರೆ. ಉಳಿದ ಪಾಲು ನಮ್ಮದು.

ಅದಕ್ಕೆ ದೊಡ್ಡ ಹಣವೇನೂ ಬೇಕಾಗಿಲ್ಲ. ಈಗ ಅವರ ಹಾಡುಗಳು ಅಂಗೈಯಲ್ಲಿಯೇ ಸಿಗುತ್ತವೆ. ನಮ್ಮ ಕಾಲೇಜಿನ ಸ್ನೇಹಸಮ್ಮೇಳನದಲ್ಲಿ ಪ್ರತಿವರ್ಷ ಚಿತ್ರಗೀತೆಗಳ ಸ್ಪರ್ಧೆ ನಡೆಯುತ್ತದೆ. ಹಾಡುವ ಮುನ್ನ ಚಿತ್ರದ ಹೆಸರನ್ನು, ನಾಯಕನ ಹೆಸರನ್ನು ಘೋಷಿಸುವ ನಾವು ಮೂಲದಲ್ಲಿ ಹಾಡಿದವರ ಹೆಸರನ್ನೂ ಊರನ್ನೂ ಹೇಳುವ ರೂಢಿಯನ್ನು ಹಾಕಿಕೊಳ್ಳೋಣ. ನವೆಂಬರ್ ತಿಂಗಳಲ್ಲಿ ರಾಜ್ಯೋತ್ಸವದ ದಿನ ನಾಡಿನ ಹಿರಿಯರ ಭಾವಚಿತ್ರಗಳನ್ನು ಸಾಲಾಗಿ ಇಡುತ್ತೇವೆ. ಆ ಸಾಲಿನಲ್ಲಿ ಬೀಳಗಿಯ ಈ ಹೆಣ್ಣುಮಗಳಿಗೂ ಒಂದು ಸ್ಥಾನವಿರಲಿ. ರಾಜ್ಯಕ್ಕೆ ಆ ಹೆಸರು ಇಲ್ಲದಾಗ ಅದನ್ನು ತನ್ನ ಹೆಸರೊಂದಿಗೆ ಹೊತ್ತು ಮೆರೆಸಿದವಳಿಗೆ, ಆ ಹೆಸರಿನ ರಾಜ್ಯದಲ್ಲಿ ಬಾಳುತ್ತಿರುವ ನಾವು ಇಷ್ಟನ್ನಾದರೂ ಸಲ್ಲಿಸಬೇಡವೇ?